ಅಧಿವೇಶನದ ತಯಾರಿ ಹೇಗೆ ನಡೆಯುತ್ತೆ, ನಿಮ್ಮೂರಿನ ಪ್ರಶ್ನೆ ಅದರೊಳಗೆ ಸೇರೋದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಎರಡು ವರ್ಷ ಖಾಲಿ ಇತ್ತು. ಅಧಿವೇಶನಕ್ಕೆ ಇನ್ನು ಮೂರೇ ದಿನ ಅನ್ನುವಾಗ ನಾವು ಐದಾರು ಜನ ಮನವಿ ಪತ್ರ ಹಿಡಿದು ಶಾಸಕರ ಕಚೇರಿಗೆ ಹೋದೆವು. ಅಲ್ಲಿದ್ದ ಆಪ್ತ ಸಹಾಯಕರು ಪತ್ರವನ್ನು ಪೂರ್ತಿ ಓದಿದರು. "ವಿಷಯ ಸರಿಯಾಗೇ ಇದೆ, ಆದ್ರೆ ಪ್ರಶ್ನೆ ಕೊಡೋ ದಿನ ಮುಗಿದುಹೋಯ್ತಲ್ಲ" ಅಂದರು. ನಮಗೆ ಅಂಥದ್ದೊಂದು ಕೊನೇ ದಿನ ಇರುತ್ತೆ ಅನ್ನೋದೇ ಗೊತ್ತಿರಲಿಲ್ಲ.

ಆಮೇಲೆ ಒಂದೊಂದೇ ಕಲಿತೆವು. ಟಿವಿಯಲ್ಲಿ ಕಾಣುವ ಗಲಾಟೆ, ಭಾಷಣ, ಸಭಾತ್ಯಾಗ ಎಲ್ಲ ಕೊನೆಗೆ ಬರುವಂಥದ್ದು. ಸದನದಲ್ಲಿ ಯಾವ ವಿಷಯಕ್ಕೆ ಜಾಗ ಸಿಗುತ್ತೆ, ಯಾವುದಕ್ಕೆ ಸಿಗಲ್ಲ ಅನ್ನೋದು ಅದಕ್ಕೂ ಮೂರು ನಾಲ್ಕು ವಾರ ಮುಂಚೆ, ಕಾಗದದ ಮೇಲೆ ತೀರ್ಮಾನ ಆಗಿರುತ್ತದೆ. ಆ ವಾರಗಳಲ್ಲಿ ಏನೇನು ನಡೆಯುತ್ತೆ, ನೀವು ಯಾವಾಗ ಎಲ್ಲಿ ಹೋಗಬೇಕು ಅಂತ ಇಲ್ಲಿ ಬರೆದಿದ್ದೇನೆ. ಇದೆಲ್ಲ ಕರ್ನಾಟಕ ವಿಧಾನಮಂಡಲದ ಮಾತು.

ಹಂತ 1: ವರ್ಷದ ಲೆಕ್ಕ ತಿಳಿದುಕೊಳ್ಳಿ

ನಮ್ಮಲ್ಲಿ ಎರಡು ಸದನ. ವಿಧಾನಸಭೆಯಲ್ಲಿ 224 ಶಾಸಕರು, ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ಪರಿಷತ್ತು ಇರುವ ರಾಜ್ಯಗಳು ದೇಶದಲ್ಲಿ ಆರೇ ಆರು. ಅಂದರೆ ನಮಗೆ ಬಾಗಿಲು ಎರಡಿವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂವಿಧಾನದ 174ನೇ ವಿಧಿ ಪ್ರಕಾರ ಒಂದು ಅಧಿವೇಶನದ ಕೊನೇ ದಿನಕ್ಕೂ ಮುಂದಿನ ಅಧಿವೇಶನದ ಮೊದಲ ದಿನಕ್ಕೂ ನಡುವೆ ಆರು ತಿಂಗಳ ಅಂತರ ಬೀಳುವ ಹಾಗಿಲ್ಲ. ಇದು ಹೊರಗಿನ ಬೇಲಿ. ಇದರ ಒಳಗೆ ಕರ್ನಾಟಕ 2005ರಲ್ಲೇ ತನ್ನದೇ ಒಂದು ಕಾಯ್ದೆ ಮಾಡಿಕೊಂಡಿದೆ, ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ. ಹೆಚ್ಚಿನ ವರ್ಷಗಳಲ್ಲಿ ಅಷ್ಟು ದಿನ ಸೇರಿಲ್ಲ, ಇದು ನನಗೆ ನಿಜಕ್ಕೂ ಬೇಜಾರು ತರುವ ಸಂಗತಿ. ಸದನ ಒಂದು ದಿನ ಕಡಿಮೆ ಸೇರಿದರೆ ಒಂದು ದಿನದ ಪ್ರಶ್ನೋತ್ತರ ಹೋಯ್ತು ಅಂತಲೇ ಅರ್ಥ.

ವರ್ಷದ ಮೊದಲ ಅಧಿವೇಶನ ರಾಜ್ಯಪಾಲರ ಭಾಷಣದಿಂದ ಶುರುವಾಗುತ್ತದೆ. 176ನೇ ವಿಧಿ ಪ್ರಕಾರ ಪ್ರತಿ ವರ್ಷದ ಮೊದಲ ಅಧಿವೇಶನಕ್ಕೆ ಮತ್ತು ಚುನಾವಣೆ ಆದ ಮೇಲಿನ ಮೊದಲ ಅಧಿವೇಶನಕ್ಕೆ ಇದು ಕಡ್ಡಾಯ. ಆಮೇಲೆ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬಜೆಟ್. ಮಳೆಗಾಲದಲ್ಲಿ ಒಂದು. ಚಳಿಗಾಲದಲ್ಲಿ, ಬಹುತೇಕ ಡಿಸೆಂಬರ್‌ನಲ್ಲಿ, ಬೆಳಗಾವಿಯಲ್ಲಿ ಒಂದು. ಚುನಾವಣೆ ವರ್ಷದಲ್ಲಿ ಈ ಲೆಕ್ಕ ಏರುಪೇರಾಗುತ್ತದೆ. 2023ರಲ್ಲಿ ಫೆಬ್ರವರಿ 17ಕ್ಕೆ ಒಂದು ಬಜೆಟ್, ಸರ್ಕಾರ ಬದಲಾದ ಮೇಲೆ ಜುಲೈ 7ಕ್ಕೆ ಇನ್ನೊಂದು ಬಜೆಟ್ ಮಂಡನೆ ಆಯಿತು.

ಈ ಲೆಕ್ಕ ಯಾಕೆ ಅಂದರೆ, ದಿನಾಂಕ ಪ್ರಕಟ ಆಗುವ ತನಕ ಕಾದರೆ ತಡವಾಗುತ್ತದೆ. ಡಿಸೆಂಬರ್ ಅಧಿವೇಶನಕ್ಕೆ ಅಕ್ಟೋಬರ್‌ನಲ್ಲೇ ಕೆಲಸ ಶುರು ಮಾಡಿ.

ಹಂತ 2: ದಿನಾಂಕ ಎಲ್ಲಿಂದ ಹುಟ್ಟುತ್ತೆ ನೋಡಿ

ಕಾಗದದಲ್ಲಿ ಅಧಿವೇಶನ ಕರೆಯುವವರು ರಾಜ್ಯಪಾಲರು. ಆದರೆ ದಿನಾಂಕ ನಿಗದಿ ಮಾಡುವುದು ಸಚಿವ ಸಂಪುಟ. ಸಂಪುಟ ಸಭೆ ಮುಗಿದ ಮೇಲೆ ನಡೆಯುವ ಸುದ್ದಿಗೋಷ್ಠಿಯಲ್ಲಿ ಹೇಳುತ್ತಾರೆ, ಮಾರನೇ ದಿನ ಪೇಪರ್‌ನಲ್ಲಿ ಬರುತ್ತದೆ. ನಿಮ್ಮ ಗಡಿಯಾರ ಆವತ್ತೇ ಶುರು.

ರಾಜ್ಯಪಾಲರು ತಮಗೆ ಬೇಕಾದ ಹಾಗೆ ದಿನಾಂಕ ಬದಲಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಅರುಣಾಚಲ ಪ್ರದೇಶದಲ್ಲಿ ಹಾಗೇ ಆಗಿತ್ತು. 2016ರ ಜನವರಿ 14ಕ್ಕೆ ಗೊತ್ತಾಗಿದ್ದ ಅಧಿವೇಶನವನ್ನು ಅಲ್ಲಿನ ರಾಜ್ಯಪಾಲರು ತಾವಾಗಿಯೇ 2015ರ ಡಿಸೆಂಬರ್ 16ಕ್ಕೆ ಹಿಂದಕ್ಕೆ ತಂದರು. ಸುಪ್ರೀಂ ಕೋರ್ಟ್ 2016ರ ಜುಲೈನಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಸಂಪುಟದ ಸಲಹೆ ಮೇಲೆಯೇ ಕರೆಯಬೇಕು ಅನ್ನುವುದು ಅಲ್ಲಿಗೆ ಗಟ್ಟಿಯಾಯಿತು.

ರಾಜ್ಯಪಾಲರ ಆದೇಶ ಬಂದ ಕೂಡಲೇ ಎರಡೂ ಸದನಗಳ ಕಾರ್ಯದರ್ಶಿಗಳು ಪ್ರತಿ ಸದಸ್ಯರಿಗೂ ಸಮನ್ಸ್ ಕಳಿಸುತ್ತಾರೆ. ಜೊತೆಗೆ ಯಾವ ದಿನ ಯಾವ ಕೆಲಸ ಅನ್ನುವ ತಾತ್ಕಾಲಿಕ ಪಟ್ಟಿ. ಯಾವ ಇಲಾಖೆಯ ಸಚಿವರು ವಾರದ ಯಾವ ದಿನ ಉತ್ತರ ಕೊಡುತ್ತಾರೆ, ಆ ದಿನದ ಪ್ರಶ್ನೆಗಳನ್ನು ಎಂದಿನೊಳಗೆ ಕೊಡಬೇಕು ಅನ್ನುವುದೂ ಶಾಸಕರ ಕಚೇರಿಗೆ ತಲುಪುತ್ತದೆ. ನಿಮಗೆ ಬೇಕಾದ ಕಾಗದ ಇದೇ. ಶಾಸಕರ ಕಚೇರಿಗೆ ಹೋಗಿ ಇದರದ್ದೊಂದು ಜೆರಾಕ್ಸ್ ಕೇಳಿ, ಅಥವಾ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೊಡಲ್ಲ ಅನ್ನುವವರು ಕಡಿಮೆ. ಕೇಳುವವರೇ ಇಲ್ಲ.

ಹಂತ 3: ಪ್ರಶ್ನೆ ಬರೆಯೋದು

ಇದೇ ಮುಖ್ಯ ಕೆಲಸ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಉತ್ತರ ಬರಬೇಕಾದ ದಿನಕ್ಕಿಂತ ಸುಮಾರು ಹದಿನೈದು ದಿನ ಮುಂಚೆ ಪ್ರಶ್ನೆ ಆ ಸದನದ ಸಚಿವಾಲಯಕ್ಕೆ, ಅಂದರೆ ಸದನದ ಕಚೇರಿಗೆ, ತಲುಪಿರಬೇಕು. ಅದಕ್ಕೂ ಮೊದಲು ಶಾಸಕರ ಕಚೇರಿಯಲ್ಲಿ ಟೈಪ್ ಆಗಬೇಕು, ಅವರ ಸಹಿ ಬೀಳಬೇಕು. ಆದ್ದರಿಂದ ಅಧಿವೇಶನಕ್ಕೆ ತಿಂಗಳಿಗೆ ಮುಂಚೆಯೇ ನಿಮ್ಮ ಕಾಗದ ಅವರ ಕೈಯಲ್ಲಿರಲಿ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಎಲ್ಲರಿಗೂ ಚುಕ್ಕೆ ಗುರುತಿನದ್ದೇ ಬೇಕು. ಆದರೆ ದಿನಕ್ಕೆ ಕೆಲವೇ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ, ಅದರಲ್ಲೂ ಸಮಯ ಸಾಕಾಗದೆ ಕೊನೆಯವು ಹಾಗೇ ಉಳಿಯುತ್ತವೆ. ನಿಮಗೆ ಅಂಕಿ ಅಂಶ ಬೇಕಿದ್ದರೆ ಚುಕ್ಕೆ ರಹಿತ ಪ್ರಶ್ನೆಯೇ ಒಳ್ಳೆಯದು ಅನ್ನುವುದು ನನ್ನ ಅನುಭವ. ಟಿವಿಯಲ್ಲಿ ಬರಲ್ಲ ನಿಜ, ಆದರೆ ಸರ್ಕಾರದ ಸಹಿ ಇರುವ ಉತ್ತರ ಕೈಗೆ ಸಿಗುತ್ತದೆ.

ನಾವು ಎರಡನೇ ಸಲ ಸಮಯಕ್ಕೆ ಸರಿಯಾಗಿ ಹೋದೆವು, ಆದರೆ ಬರೆದಿದ್ದು ಹೀಗೆ: "ನಮ್ಮ ಭಾಗದ ಬಡ ಜನ ಆಸ್ಪತ್ರೆಯಲ್ಲಿ ವೈದ್ಯರಿಲ್ಲದೆ ಪರದಾಡುತ್ತಿರುವುದು ಸರ್ಕಾರಕ್ಕೆ ಕಾಣುವುದಿಲ್ಲವೇ?" ಬಂದ ಉತ್ತರ ಒಂದೇ ಸಾಲು, ಹುದ್ದೆ ತುಂಬಲು ಕ್ರಮ ವಹಿಸಲಾಗುತ್ತಿದೆ ಅಂತ. ತಪ್ಪು ಉತ್ತರದ್ದಲ್ಲ. ಕೇಳಿದ ರೀತಿಯೇ ಹಾಗಿತ್ತು.

ಮೂರನೇ ಸಲ ಆ ಆಪ್ತ ಸಹಾಯಕರೇ ಜೊತೆಗೆ ಕೂತು ಬರೆಸಿದರು. ಸರ್ಕಾರದ ಉತ್ತರ ಪ್ರತಿ ನೋಡಿದ್ದೀರಾ? ಮೇಲ್ಗಡೆ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಂ, ಎಡಕ್ಕೆ ಅ, ಆ, ಇ, ಈ ಅಂತ ಪ್ರಶ್ನೆಯ ತುಂಡುಗಳು, ಬಲಕ್ಕೆ ಒಂದೊಂದಕ್ಕೂ ಉತ್ತರ. ಪ್ರಶ್ನೆಯನ್ನು ಆ ಅಚ್ಚಿಗೆ ಸರಿಯಾಗಿ ಬರೆಯಬೇಕು:

(ಅ) ಈ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಯಾವ ದಿನಾಂಕದಿಂದ ಖಾಲಿ ಇದೆ?
(ಇ) ತಾಲ್ಲೂಕಿನಲ್ಲಿ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ವೈದ್ಯರ ಹುದ್ದೆಗಳೆಷ್ಟು? (ಕೇಂದ್ರವಾರು ವಿವರ ನೀಡುವುದು)
(ಈ) ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?

ವ್ಯತ್ಯಾಸ ಕಾಣುತ್ತಲ್ವಾ? "ಕೇಂದ್ರವಾರು ವಿವರ ನೀಡುವುದು" ಅನ್ನುವ ಮೂರು ಪದಕ್ಕೆ ತುಂಬಾ ಬಲ. ಅದು ಇದ್ದರೆ ಉತ್ತರದ ಜೊತೆ ಅನುಬಂಧ ಅಂತ ಒಂದು ಪಟ್ಟಿ ಬರಲೇಬೇಕು. ಇಲ್ಲದಿದ್ದರೆ ಒಟ್ಟು ಸಂಖ್ಯೆ ಒಂದನ್ನು ಕೊಟ್ಟು ಮುಗಿಸುತ್ತಾರೆ.

ಕೆಲವು ಪ್ರಶ್ನೆ ಬಾಗಿಲಲ್ಲೇ ತಿರಸ್ಕಾರ ಆಗುತ್ತವೆ. ಕೋರ್ಟಿನಲ್ಲಿ ವಿಚಾರಣೆಯಲ್ಲಿರುವ ವಿಷಯ ಬೇಡ. ರೈಲ್ವೆ, ಅಂಚೆ ಇಂಥವು ಕೇಂದ್ರ ಸರ್ಕಾರದ್ದು, ಅದಕ್ಕೆ ಸಂಸದರನ್ನು ಹಿಡಿಯಿರಿ. ನಿಮ್ಮ ಅಭಿಪ್ರಾಯವೇನು ಅಂತ ಕೇಳುವ ಹಾಗಿಲ್ಲ. ಒಂದು ಪ್ರಶ್ನೆಯಲ್ಲಿ ರಸ್ತೆ, ನೀರು, ಶಾಲೆ ಮೂರನ್ನೂ ತುರುಕಬೇಡಿ, ಯಾವ ಇಲಾಖೆಗೆ ಕಳಿಸೋದು ಅಂತಲೇ ಗೊಂದಲವಾಗುತ್ತೆ.

ಇನ್ನು, ಪ್ರಶ್ನೆ ಯಾರಿಂದ ಕೊಡಿಸೋದು? ನಿಮ್ಮ ಶಾಸಕರೇ ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವವರಲ್ಲ, ಉತ್ತರ ಕೊಡುವವರು. ಆಗ ಎರಡನೇ ಬಾಗಿಲು ತಟ್ಟಿ. ಪರಿಷತ್ತಿನ 75 ಜನರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ, 7 ಮಂದಿ ಪದವೀಧರರಿಂದ, 7 ಮಂದಿ ಶಿಕ್ಷಕರಿಂದ ಆರಿಸಿ ಬಂದವರು. ಉಳಿದವರಲ್ಲಿ 25 ಜನರನ್ನು ಶಾಸಕರು ಆರಿಸುತ್ತಾರೆ, 11 ಮಂದಿ ನಾಮಕರಣಗೊಂಡವರು. ಶಾಲೆ ವಿಷಯವಾದರೆ ಶಿಕ್ಷಕರ ಕ್ಷೇತ್ರದವರ ಹತ್ತಿರ, ಗ್ರಾಮ ಪಂಚಾಯಿತಿ ವಿಷಯವಾದರೆ ಸ್ಥಳೀಯ ಸಂಸ್ಥೆ ಕ್ಷೇತ್ರದವರ ಹತ್ತಿರ ಹೋಗಿ. ಪರಿಷತ್ ಸದಸ್ಯರ ಹತ್ತಿರ ಊರಿನವರು ಹೋಗುವುದೇ ಕಡಿಮೆ, ಹಾಗಾಗಿ ಅವರಿಗೆ ಸಮಯವೂ ಸ್ವಲ್ಪ ಜಾಸ್ತಿ ಇರುತ್ತದೆ.

ಕಳೆದ ಸಲ ಸರದಿ ಬಾರದೆ ಉಳಿದ ಪ್ರಶ್ನೆ ತಾನಾಗಿಯೇ ಮುಂದಿನ ಅಧಿವೇಶನಕ್ಕೆ ಬರುತ್ತೆ ಅಂತ ನಂಬಿ ಕೂರಬೇಡಿ. ಹೊಸದಾಗಿ ಕೊಡಿಸಿ.

ಹಂತ 4: ಆ ಪ್ರಶ್ನೆ ಎಲ್ಲೆಲ್ಲಿ ತಿರುಗುತ್ತೆ

ಸರ್ಕಾರಿ ಕಚೇರಿಗಳಲ್ಲಿ ವಿಧಾನಸಭೆ ಪ್ರಶ್ನೆಗೆ ಎಲ್‌ಎಕ್ಯೂ ಅಂತಾರೆ, ಪರಿಷತ್ತಿನದಕ್ಕೆ ಎಲ್‌ಸಿಕ್ಯೂ. "ಎಲ್‌ಎಕ್ಯೂ ಬಂದಿದೆ" ಅನ್ನುವ ಮಾತಿಗೆ ಇರುವ ಬಿಸಿ ಬೇರೆ ಯಾವ ಕಾಗದಕ್ಕೂ ಇಲ್ಲ. ಅಧಿವೇಶನ ಹತ್ತಿರ ಬಂದರೆ ಅಧಿಕಾರಿಗಳಿಗೆ ರಜೆ ಸಿಗುವುದು ಕಷ್ಟ.

ನಮ್ಮ ಪ್ರಶ್ನೆಯ ದಾರಿ ಹೀಗಿತ್ತು: ವಿಧಾನಸಭೆ ಸಚಿವಾಲಯದಿಂದ ಆರೋಗ್ಯ ಇಲಾಖೆಗೆ, ಅಲ್ಲಿಂದ ಆಯುಕ್ತರ ಕಚೇರಿಗೆ, ಅಲ್ಲಿಂದ ಜಿಲ್ಲಾ ಆರೋಗ್ಯ ಅಧಿಕಾರಿಗೆ, ಅವರಿಂದ ತಾಲ್ಲೂಕು ಆರೋಗ್ಯ ಅಧಿಕಾರಿಗೆ, ಕೊನೆಗೆ ನಮ್ಮ ಆಸ್ಪತ್ರೆಯ ಗುಮಾಸ್ತರ ಟೇಬಲ್ಲಿಗೆ. ಅವರು ಹಾಜರಿ ಪುಸ್ತಕ ತೆಗೆದು, ಹಿಂದಿನ ವೈದ್ಯರು ವರ್ಗವಾಗಿ ಹೋದ ದಿನಾಂಕ ಹುಡುಕಿ ಬರೆದು ಕಳಿಸಿದರು. ಮತ್ತೆ ಅದೇ ಏಣಿ ಹತ್ತಿಕೊಂಡು ಮೇಲೆ ಹೋಗಿ, ಕರಡು ಉತ್ತರ ಆಗಿ, ಸಚಿವರ ಒಪ್ಪಿಗೆ ಪಡೆದು, ಸದನಕ್ಕೆ ಬರಬೇಕು. ಇಷ್ಟೆಲ್ಲ ಎರಡು ವಾರದೊಳಗೆ. ಹದಿನೈದು ದಿನದ ನಿಯಮ ಯಾಕಿದೆ ಅಂತ ನನಗೆ ಅರ್ಥವಾಗಿದ್ದು ಆವತ್ತು.

ಈ ಸಮಯದಲ್ಲಿ ತಾಲ್ಲೂಕು ಕಚೇರಿಗೆ ಒಂದು ಸಲ ಹೋಗಿ ಬನ್ನಿ. ಜಗಳಕ್ಕಲ್ಲ. ನಿಮ್ಮ ಹತ್ತಿರ ಇರುವ ದಾಖಲೆ, ಹಳೇ ಮನವಿ, ಮಾಹಿತಿ ಹಕ್ಕಿನಲ್ಲಿ ತೆಗೆದ ಪ್ರತಿ ಇದ್ದರೆ ತೋರಿಸಿ. ಅಂಕಿ ತಪ್ಪಾಗಿ ಮೇಲೆ ಹೋದರೆ ಸದನದಲ್ಲಿ ತಪ್ಪು ಉತ್ತರವೇ ದಾಖಲಾಗುತ್ತದೆ, ಆಮೇಲೆ ಸರಿ ಮಾಡಿಸೋದು ದೊಡ್ಡ ಕೆಲಸ.

ಶಾಸಕರಿಗೂ ಒಂದು ಹಾಳೆ ಕೊಡಿ. ಒಂದೇ ಹಾಳೆ. ಇವತ್ತಿನ ಸ್ಥಿತಿ ಏನು, ಹಿಂದೆ ಯಾವಾಗ ಏನು ಭರವಸೆ ಸಿಕ್ಕಿತ್ತು, ಎರಡು ಉಪಪ್ರಶ್ನೆ. ಸಚಿವರ ಹಿಂದೆ ಗ್ಯಾಲರಿಯಲ್ಲಿ ಅಧಿಕಾರಿಗಳು ಕೂತು ಚೀಟಿ ಕಳಿಸುತ್ತಿರುತ್ತಾರೆ. ಶಾಸಕರಿಗೆ ಚೀಟಿ ಕಳಿಸುವವರು ಯಾರೂ ಇಲ್ಲ, ಆ ಹಾಳೆಯೇ ಅವರಿಗೆ ಚೀಟಿ.

ಹಂತ 5: ಪ್ರಶ್ನೆ ತಪ್ಪಿದರೆ ಬೇರೆ ದಾರಿ

ಕೊನೇ ದಿನ ಮುಗಿದಿದ್ದರೂ ಎಲ್ಲ ಮುಗಿಯಲಿಲ್ಲ. ವಿಧಾನಸಭೆಯಲ್ಲಿ ನಿಯಮ 73ರಡಿ ಗಮನ ಸೆಳೆಯುವ ಸೂಚನೆ, ನಿಯಮ 69ರಡಿ ಸಾರ್ವಜನಿಕ ಮಹತ್ವದ ವಿಷಯದ ಚರ್ಚೆ, ನಿಯಮ 60ರಡಿ ನಿಲುವಳಿ ಸೂಚನೆ ಇವೆ. ಪರಿಷತ್ತಿನಲ್ಲಿ ಇದೇ ಕೆಲಸಕ್ಕೆ ನಿಯಮ 72, 68 ಮತ್ತು 59. ಪ್ರಶ್ನೋತ್ತರ ಮುಗಿದ ಮೇಲೆ ಬರುವ ಶೂನ್ಯ ವೇಳೆಯಲ್ಲೂ ಪ್ರಸ್ತಾಪ ಮಾಡಬಹುದು. ನಿಲುವಳಿ ಸೂಚನೆ ಅಂದರೆ ಬೇರೆ ಎಲ್ಲ ಕೆಲಸ ಬದಿಗಿಟ್ಟು ಚರ್ಚೆ ಮಾಡಿ ಅಂತ ಕೇಳುವುದು, ಒಂದು ಊರಿನ ಆಸ್ಪತ್ರೆಗೆ ಅದು ಸಿಗುವುದಿಲ್ಲ. ಗಮನ ಸೆಳೆಯುವ ಸೂಚನೆ ಮಾತ್ರ ಊರಿನ ಸಮಸ್ಯೆಗೆ ಚೆನ್ನಾಗಿ ಒಪ್ಪುತ್ತದೆ.

ಅರ್ಜಿ ಸಮಿತಿಯೂ ಇದೆ. ಸಾಮಾನ್ಯ ಜನರ ಅರ್ಜಿಯನ್ನು ಸದಸ್ಯರೊಬ್ಬರ ಮೂಲಕ ಸದನಕ್ಕೆ ಒಪ್ಪಿಸುವ ವ್ಯವಸ್ಥೆ ಇದು. ನಿಧಾನ, ಆದರೆ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ.

ಹಂತ 6: ಮಸೂದೆಗಳ ಕಡೆ ಒಂದು ಕಣ್ಣಿಡಿ

ಸರ್ಕಾರದ ಕಡೆಯ ತಯಾರಿಯಲ್ಲಿ ಮಸೂದೆಗಳದ್ದು ದೊಡ್ಡ ಪಾಲು. ಇಲಾಖೆ ಕರಡು ಮಾಡುತ್ತದೆ, ಕಾನೂನು ಇಲಾಖೆ ತಿದ್ದುತ್ತದೆ, ಸಂಪುಟ ಒಪ್ಪುತ್ತದೆ, ಅಚ್ಚಾಗಿ ಸದಸ್ಯರಿಗೆ ಬರುತ್ತದೆ. ಸಂಪುಟ ಒಪ್ಪಿದ ಸುದ್ದಿ ಬಂದ ದಿನವೇ ನಿಮ್ಮ ಅಭಿಪ್ರಾಯ ಬರೆದು ಸದಸ್ಯರಿಗೆ ಕಳಿಸಿ. ಮಂಡನೆ ಆಗಿ ಅದೇ ವಾರದಲ್ಲಿ, ಕೆಲವೊಮ್ಮೆ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ, ಪಾಸಾಗಿಬಿಡುತ್ತದೆ. ಆಮೇಲೆ ಬರೆದ ಪತ್ರ ಯಾರ ಕೈಗೂ ಸಿಗಲ್ಲ.

ನಡುವೆ ಸುಗ್ರೀವಾಜ್ಞೆ, ಅಂದರೆ ಸದನ ಸೇರದಿರುವಾಗ ರಾಜ್ಯಪಾಲರ ಮೂಲಕ ತರುವ ತಾತ್ಕಾಲಿಕ ಕಾನೂನು, ಹೊರಡಿಸಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. 213ನೇ ವಿಧಿ ಪ್ರಕಾರ ಸದನ ಮತ್ತೆ ಸೇರಿ ಆರು ವಾರ ಆದ ಮೇಲೆ ಅದು ಬಿದ್ದುಹೋಗುತ್ತದೆ. ಆದ್ದರಿಂದ ಆ ವಿಷಯದ ಮಸೂದೆ ಈ ಅಧಿವೇಶನದಲ್ಲಿ ಬರುತ್ತೆ ಅಂತ ಮೊದಲೇ ಊಹಿಸಬಹುದು. ಹಿಂದಿನ ಅಧಿವೇಶನದಲ್ಲಿ ಬಾಕಿ ಉಳಿದ ಮಸೂದೆಗಳೂ ಜೀವಂತ ಇರುತ್ತವೆ, ಅಧಿವೇಶನ ಮುಗಿದ ಮಾತ್ರಕ್ಕೆ ಅವು ರದ್ದಾಗುವುದಿಲ್ಲ.

ಬಜೆಟ್ ಅಧಿವೇಶನದ ಬಗ್ಗೆ ಒಂದೇ ಮಾತು. ಮಾರ್ಚ್‌ನಲ್ಲಿ ಕೇಳಿದರೆ ಬಜೆಟ್‌ನಲ್ಲಿ ಸೇರಲ್ಲ. ಇಲಾಖೆಗಳು ತಿಂಗಳುಗಟ್ಟಲೆ ಮುಂಚೆಯೇ ಪಟ್ಟಿ ಕೊಟ್ಟಿರುತ್ತವೆ. ನವೆಂಬರ್, ಡಿಸೆಂಬರ್‌ನಲ್ಲೇ ನಿಮ್ಮ ಮನವಿ ಜಿಲ್ಲೆಯಿಂದ ಮೇಲಕ್ಕೆ ಹೋಗಿರಲಿ.

ಹಂತ 7: ಕೊನೇ ವಾರ

ಪಕ್ಷಗಳ ಶಾಸಕಾಂಗ ಸಭೆ ನಡೆಯುತ್ತವೆ. ಯಾವ ವಿಷಯ ಹಿಡಿದು ಹೋರಾಡಬೇಕು ಅಂತ ವಿರೋಧ ಪಕ್ಷ, ಹೇಗೆ ಉತ್ತರ ಕೊಡಬೇಕು ಅಂತ ಆಡಳಿತ ಪಕ್ಷ ಕೂತು ಮಾತಾಡುತ್ತವೆ. ಕಲಾಪ ಸಲಹಾ ಸಮಿತಿಯಲ್ಲಿ ಸ್ಪೀಕರ್ ಮತ್ತು ಪಕ್ಷಗಳ ನಾಯಕರು ಸೇರಿ ಯಾವುದಕ್ಕೆ ಎಷ್ಟು ಸಮಯ ಅಂತ ಹಂಚಿಕೊಳ್ಳುತ್ತಾರೆ. ಬಿಎಸಿ ಸಭೆ ಅಂತ ಪೇಪರ್‌ನಲ್ಲಿ ಓದಿರುತ್ತೀರಿ, ಅದು ಇದೇ. ನಿಮ್ಮ ಜಿಲ್ಲೆಯ ದೊಡ್ಡ ವಿಷಯ, ಬರ, ನೀರಾವರಿ ಯೋಜನೆ ಇಂಥದ್ದು ಚರ್ಚೆಗೆ ಬರಬೇಕಿದ್ದರೆ ಜಿಲ್ಲೆಯ ಎಲ್ಲ ಪಕ್ಷಗಳ ಶಾಸಕರಿಗೂ ಒಂದೇ ಮನವಿ ಕೊಡಿ. ಎರಡೂ ಕಡೆಯವರು ಕೇಳಿದ ವಿಷಯಕ್ಕೆ ಸಮಯ ಸಿಗುವುದು ಸುಲಭ.

ಹೊಸ ವಿಧಾನಸಭೆಯ ಮೊದಲ ಅಧಿವೇಶನವಾದರೆ ತಯಾರಿ ಬೇರೆ. ಮೊದಲು ಹಂಗಾಮಿ ಸ್ಪೀಕರ್, ಆಮೇಲೆ ಎಲ್ಲರ ಪ್ರಮಾಣವಚನ, ಆಮೇಲೆ ಸ್ಪೀಕರ್ ಆಯ್ಕೆ. 2023ರ ಮೇ ತಿಂಗಳಲ್ಲಿ ಆರ್.ವಿ. ದೇಶಪಾಂಡೆ ಅವರು ಹಂಗಾಮಿ ಸ್ಪೀಕರ್ ಆಗಿ ಪ್ರಮಾಣವಚನ ಬೋಧಿಸಿದರು, ಬಳಿಕ ಯು.ಟಿ. ಖಾದರ್ ಸ್ಪೀಕರ್ ಆದರು. ಇಂಥ ಅಧಿವೇಶನದಲ್ಲಿ ಊರಿನ ಪ್ರಶ್ನೆಗೆ ಜಾಗ ಇರಲ್ಲ, ಮುಂದಿನದಕ್ಕೆ ಕಾಯಿರಿ.

ಬೆಳಗಾವಿ ಅಧಿವೇಶನ ಅಂದರೆ ಸರ್ಕಾರವೇ ಸುಮಾರು 500 ಕಿಲೋಮೀಟರ್ ದೂರಕ್ಕೆ ಮನೆ ಬದಲಿಸಿದ ಹಾಗೆ. ಅಲ್ಲಿ ಮೊದಲ ಅಧಿವೇಶನ ನಡೆದಿದ್ದು 2006ರಲ್ಲಿ, ಸುವರ್ಣ ವಿಧಾನಸೌಧ ಉದ್ಘಾಟನೆ ಆಗಿದ್ದು 2012ರ ಅಕ್ಟೋಬರ್ 11ಕ್ಕೆ. ಕಡತ, ಕಂಪ್ಯೂಟರ್, ಸಿಬ್ಬಂದಿ, ಮಾರ್ಷಲ್‌ಗಳು, ಬೇರೆ ಜಿಲ್ಲೆಯ ಪೊಲೀಸರು ಎಲ್ಲ ಅಲ್ಲಿಗೆ ಬರುತ್ತಾರೆ, ಊರಿನ ಹೋಟೆಲ್ ರೂಮುಗಳು ಮೊದಲೇ ಭರ್ತಿ. ಉತ್ತರ ಕರ್ನಾಟಕದವರು ಈ ಅವಕಾಶ ಬಿಡಬೇಡಿ. ಬೆಂಗಳೂರಿನಲ್ಲಿ ಸಿಗದ ಸಚಿವರು ಅಲ್ಲಿ ಎರಡು ವಾರ ಹತ್ತಿರದಲ್ಲೇ ಇರುತ್ತಾರೆ. ಧರಣಿ ಮಾಡುವುದಿದ್ದರೆ ಪೊಲೀಸರ ಅನುಮತಿ ಮೊದಲೇ ಪಡೆಯಿರಿ, ಅದಕ್ಕೆ ಅಂತ ಜಾಗ ಗೊತ್ತುಮಾಡಿರುತ್ತಾರೆ.

ಒಳಗೆ ಕೂತು ನೋಡುವ ಆಸೆ ಇದ್ದರೆ ಶಾಸಕರ ಮೂಲಕ ಗ್ಯಾಲರಿ ಪಾಸ್ ಕೇಳಿ. ಮೊದಲ ದಿನಕ್ಕೆ ಬೇಡ, ಆವತ್ತು ಬಹುಪಾಲು ಸಂತಾಪ ಸೂಚನೆಯಲ್ಲೇ ಹೋಗುತ್ತದೆ. ನಿಮ್ಮ ಇಲಾಖೆ ಉತ್ತರ ಕೊಡುವ ದಿನಕ್ಕೆ ಕೇಳಿ.

ಹಂತ 8: ಉತ್ತರ ಬಂದ ಮೇಲೆ

ಸುಮ್ನೆ ಖುಷಿಪಟ್ಟು ಬಿಡಬೇಡಿ. ಉತ್ತರದ ಪ್ರತಿಯನ್ನು ಶಾಸಕರ ಕಚೇರಿಯಿಂದಲೋ ವಿಧಾನಮಂಡಲದ ವೆಬ್‌ಸೈಟಿನಿಂದಲೋ ತೆಗೆದುಕೊಳ್ಳಿ, ಅನುಬಂಧ ಸಮೇತ. ಸಚಿವರು ಸದನದಲ್ಲಿ "ಮಾಡುತ್ತೇವೆ" ಅಂತ ಹೇಳಿದ್ದರೆ ಅದು ಭರವಸೆ. ಭರವಸೆ ಈಡೇರಿತಾ ಅಂತ ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ, ಅದಕ್ಕೆ ಬರೆಯಬಹುದು.

ನಮಗೆ ಬಂದ ಉತ್ತರದಲ್ಲಿ (ಆ) ಮುಂದೆ ಹುದ್ದೆ ಖಾಲಿಯಾದ ದಿನಾಂಕ ಇತ್ತು. ಅನುಬಂಧದಲ್ಲಿ ತಾಲ್ಲೂಕಿನ ಇನ್ನೂ ಮೂರು ಕೇಂದ್ರಗಳ ಹೆಸರು, ಅಲ್ಲೂ ವೈದ್ಯರಿಲ್ಲ. ಆ ಮೂರು ಊರಿನವರಿಗೆ ಫೋನ್ ಮಾಡಿ, ನಾಲ್ಕು ಊರು ಸೇರಿ ಪ್ರಶ್ನೆ ಸಂಖ್ಯೆ ಮತ್ತು ದಿನಾಂಕ ಹಾಕಿ ಜಿಲ್ಲಾಧಿಕಾರಿಗೆ ಮನವಿ ಕೊಟ್ಟೆವು. ಐದನೇ ತಿಂಗಳಿಗೆ ನಮ್ಮ ಕೇಂದ್ರಕ್ಕೆ ಗುತ್ತಿಗೆ ಮೇಲೆ ಒಬ್ಬ ವೈದ್ಯೆ ಬಂದರು. ಉಳಿದ ಮೂರಕ್ಕೆ ಇನ್ನೂ ಯಾರೂ ಬಂದಿಲ್ಲ. ಅವುಗಳ ಪ್ರಶ್ನೆ ಈಗ ಟೈಪ್ ಆಗಿ ಸಹಿಗೆ ಹೋಗಿದೆ, ಅಧಿವೇಶನಕ್ಕೆ ಇನ್ನೂ ಮೂವತ್ತೈದು ದಿನ ಇದೆ.